ನುಡಿಗಟ್ಟಿನ ಹಾಸುಹೊಕ್ಕು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನ ನುಡಿಗಟ್ಟುಗಳನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಕನ್ನಡ ಪಂಡಿತನಿಗೆ ಇಂಗ್ಲಿಷಿನ ಗೊಡವೆ ಏಕೆಂದು ತಾವು ಕೇಳಬಹುದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ನುಡಿಗಳ ನಡುವೆ ಬೆಳೆಯುವವರು. ಒಂದು ನುಡಿಯ ಮಾತನ್ನು ಮತ್ತೊಂದಕ್ಕೆ ಅಕ್ಷರಶಃ ಇಳಿಸಿ ಎಡವುವುದು ಅವರಿಗೆ ಸಹಜ.

ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ದೊರೆಯದ ಅರ್ಥವುಳ್ಳ ಪದಪುಂಜವೇ ನುಡಿಗಟ್ಟು. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬಲ್ಲಿ ಬೆಕ್ಕೂ ಬೀಳುವುದಿಲ್ಲ, ನಾಯಿಯೂ ಬೀಳುವುದಿಲ್ಲ, ಸುರಿಯುವುದು ಮಳೆಯೇ. ನಾವು ಅದನ್ನು ಕುಂಭದ್ರೋಣ ಮಳೆ ಎನ್ನುತ್ತೇವೆ.

ಕೊಯಮತ್ತೂರು, ತಿರುಪ್ಪೂರುಗಳ ಈ ಸೀಮೆ ನೂಲಿನ ಸೀಮೆ. ಮನೆಮಾತು ಕನ್ನಡವಾಗಿರುವ ದೇವಾಂಗ ಕುಟುಂಬಗಳ ಕುಲವೃತ್ತಿ ನೇಯ್ಗೆ. ಇಂಗ್ಲೆಂಡಿನವರೂ ಬಹುಕಾಲ ಉಣ್ಣೆಯ ಬಟ್ಟೆಯಿಂದ ಬಾಳಿದವರು. ಆದುದರಿಂದ ಅವರ ಮಾತಿನಲ್ಲಿಯೂ ಮಗ್ಗದ ಮನೆಯ ವಾಸನೆಯುಂಟು. ತೊಯ್ದ ಉಣ್ಣೆಬಟ್ಟೆ ಒಣಗುವಾಗ ಕುಗ್ಗದಿರಲೆಂದು ಅವರು ಅದನ್ನು ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಬಿಗಿದೆಳೆದು ಕಟ್ಟುತ್ತಿದ್ದರು. ಆ ಕೊಕ್ಕೆಗಳೇ ‘ಟೆಂಟರ್‌ಹುಕ್ಸ್’. ಪರೀಕ್ಷೆಯ ಫಲಿತಾಂಶಕ್ಕಾಗಿ ಕಾದಿರುವ ಹುಡುಗ ‘ಆನ್ ಟೆಂಟರ್‌ಹುಕ್ಸ್’ ಇದ್ದಾನೆಂದರೆ, ಮನಸ್ಸು ಹಾಗೆ ಬಿಗಿದಿದೆ ಎಂದರ್ಥ. ಕೊಕ್ಕೆಯ ಮೇಲೆ ಕುಳಿತಿದ್ದಾನೆ ಎಂದು ಬರೆದರೆ ಕೆಟ್ಟಿತು. ಜೀವವನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ ಎಂದರೆ ಅದು ಕನ್ನಡ.

ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕಿದರೆ ಬಣ್ಣ ಎಳೆ ಎಳೆಗೂ ಹಿಡಿಯುತ್ತದೆ. ಇದರಿಂದ ‘ಡೈಡ್ ಇನ್ ದ ವುಲ್’ ಹುಟ್ಟಿತು. ಅಂಥ ಗಾಂಧಿವಾದಿಯನ್ನು ನಾವು ಅಪ್ಪಟ ಗಾಂಧಿವಾದಿ ಎನ್ನುವೆವು. ಬಟ್ಟೆಯಿದ್ದಷ್ಟೇ ಕೋಟನ್ನು ಕತ್ತರಿಸು ಎಂದು ಚಳಿನಾಡಿನವನು ಹೇಳಿದರೆ, ಹಾಸಿಗೆಯಿದ್ದಷ್ಟೇ ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ವಿವೇಕ ಒಂದೇ, ವೇಷ ಬೇರೆ.

ಆದರೆ ನನ್ನ ಚಿಂತೆ ಬೇರೆಯಿದೆ. ಒಮ್ಮೆ ತರಗತಿಯಲ್ಲಿ ‘ಹಾಸುಹೊಕ್ಕು’ ಎಂದರೇನೆಂದು ಕೇಳಿದೆ. ಮಕ್ಕಳು ಸುಮ್ಮನಿದ್ದರು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ನಮ್ಮ ತಾತ ನೂಲನ್ನು ಉದ್ದಕ್ಕೆ ಹಾಸುತ್ತಾರೆ, ಸಾರ್. ಲಾಳಿಯ ನೂಲು ಅಡ್ಡಲಾಗಿ ಅದರೊಳಗೆ ಹೊಕ್ಕು ಬರುತ್ತದೆ” ಎಂದನು. ನಿಘಂಟೂ ಇದಕ್ಕಿಂತ ತಿಳಿಯಾಗಿ ಹೇಳಲಾರದು. ಇದನ್ನೇ ತಮಿಳರು ‘ಊಡುಂ ಪಾವುಂ’ ಎನ್ನುತ್ತಾರೆ. ಹಿಂದಿಯವರು ‘ತಾನಾ ಬಾನಾ’, ಇಂಗ್ಲಿಷರು ‘ವಾರ್ಪ್ ಅಂಡ್ ವೂಫ್’ ಎನ್ನುತ್ತಾರೆ. ನಾಲ್ಕು ನುಡಿಗಳೂ ಒಂದೇ ಮಗ್ಗದ ಮುಂದೆ ಕುಳಿತು ಕಲಿತ ಮಾತಿದು.

ಇಂದು ಎಷ್ಟೋ ಮನೆಗಳ ಕೈಮಗ್ಗ ನಿಂತಿದೆ. ತಿರುಪ್ಪೂರಿನ ಬನಿಯನ್ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಳ್ಳುತ್ತದೆ. ಆ ದುಡಿಮೆ ಅನ್ನ ಕೊಡುತ್ತಿದೆ, ಅದನ್ನು ಹಳಿಯಲಾಗದು. ಆದರೆ ಕಣ್ಣ ಮುಂದಿನ ವಸ್ತು ಮರೆಯಾದಾಗ ಅದರಿಂದ ಹುಟ್ಟಿದ ಮಾತು ಮೊದಲು ಬೇರನ್ನೂ, ಆಮೇಲೆ ಉಸಿರನ್ನೂ ಕಳೆದುಕೊಳ್ಳುತ್ತದೆ.

ಪರನುಡಿಗೆ ಬಾಗಿಲು ಮುಚ್ಚಿರೆಂದು ನಾನು ಹೇಳುವುದಿಲ್ಲ. ಶೀತಲ ಸಮರ, ಶ್ವೇತಪತ್ರ ಮೊದಲಾದವು ಇಂಗ್ಲಿಷಿನಿಂದ ಬಂದು ನಮ್ಮವೇ ಆಗಿವೆ. ಮಕ್ಕಳು ಇಂಗ್ಲಿಷಿನ ನುಡಿಗಟ್ಟೊಂದನ್ನು ಕಲಿತು ಬಂದ ದಿನ, “ಇದಕ್ಕೆ ನಮ್ಮಲ್ಲಿ ಏನನ್ನುತ್ತಾರೆ, ತಾತನನ್ನು ಕೇಳು, ಅಜ್ಜಿಯನ್ನು ಕೇಳು” ಎನ್ನಿರಿ. ಅಷ್ಟೇ ನನ್ನ ಬಿನ್ನಹ.

ಇಂಗ್ಲಿಷಿನಲ್ಲಿ ‘ಹೇರ್‌ಲೂಮ್’ ಎಂಬ ಮಾತುಂಟು. ‘ಲೂಮ್’ ಎಂದರೆ ಇಂದು ಮಗ್ಗ. ಹಿಂದೆ ಯಾವುದೇ ಉಪಕರಣಕ್ಕೂ ಆ ಹೆಸರಿತ್ತು. ವಾರಸುದಾರನಿಗೆ ಇಳಿದು ಬರುವ ಮನೆಯ ವಸ್ತುವೇ ಹೇರ್‌ಲೂಮ್. ಮಗ್ಗವನ್ನು ಮಾರಿದವರ ಮನೆಯಲ್ಲಿಯೂ ಮಾತು ಉಳಿದಿದೆ. ಅದನ್ನಾದರೂ ಮಕ್ಕಳ ಕೈಗೆ ಒಪ್ಪಿಸೋಣ.