ಮೂರನೆಯ ಸಲ ಕೇಳಿದಾಗ

ಪ್ಯಾರಿಸ್ ಬಳಿಯ ಬಿಸೇತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದದ್ದು ‘ಟಾನ್, ಟಾನ್’ ಎಂಬ ಸದ್ದು. ಅದೇ ಆತನ ಹೆಸರೂ ಆಗಿಹೋಗಿತ್ತು. ಸ್ವಾರ್ಥಿ, ಹಗೆ ಸಾಧಿಸುವವ ಎಂದು ಜೊತೆಯವರು ದೂರುತ್ತಿದ್ದರು, ಕಳ್ಳತನವನ್ನೂ ಹೊರಿಸಿದ್ದರು. ಎದುರಾಡಲಾಗದವನ ಮೇಲೆ ದೂರು ಹೇಳುವುದು ಎಷ್ಟು ಸಲೀಸು ನೋಡಿ.

1861ರಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ ಆತನನ್ನು ಕೇಳಿದ: ‘ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?’ ಲೆಬೋರ್ನ್ ಐದು ಬೆರಳನ್ನು ನಾಲ್ಕು ಸಲ ಬಿಡಿಸಿ ತೋರಿಸಿ, ಮೇಲೊಂದು ಬೆರಳೆತ್ತಿದ. 21 ವರ್ಷ. ಲೆಕ್ಕ ಸರಿಯಾಗಿತ್ತು. ಮರುದಿನ ಮತ್ತೆ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ, ಇದು ತನ್ನ ಪರೀಕ್ಷೆ ಎಂದು ಆತನಿಗೆ ಗೊತ್ತಾಯಿತು. ಸಿಟ್ಟು ನೆತ್ತಿಗೇರಿ, ಅದೇ ಬಾಯಿಂದ ಬೈಗುಳವೊಂದು ಹೊರಬಿತ್ತು!

ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಮೆದುಳಿನ ಎಡಭಾಗದ ಮುಂಬದಿ ಹಾಳಾಗಿದ್ದನ್ನು ಕಂಡ ಬ್ರೋಕಾ, ಮಾತಿನ ನೆಲೆ ಅಲ್ಲಿದೆ ಎಂದ. ಆ ಜಾಗಕ್ಕೆ ಇಂದಿಗೂ ಬ್ರೋಕಾನ ಹೆಸರೇ. ನನಗೇನೋ ಆ ಶೋಧಕ್ಕಿಂತ ಆ ಬೈಗುಳವೇ ಹೆಚ್ಚು ಕಾಡುತ್ತದೆ.

ಲಕ್ವ ಹೊಡೆದು ಮಾತು ನಿಂತವರು ನಮ್ಮ ನಡುವೆಯೂ ಇದ್ದಾರೆ. ಬಲಗೈ ಬಲಗಾಲನ್ನೂ, ಬಹುತೇಕರಲ್ಲಿ ಮಾತನ್ನೂ ನಡೆಸುವುದು ಎಡ ಮೆದುಳು. ಅದಕ್ಕೇ ಎರಡೂ ಒಟ್ಟಿಗೆ ಹೋಗುವುದುಂಟು. ಮಾತಿನ ಈ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. ಕೆಲವರಿಗೆ ಕೇಳಿದ್ದು ಅರ್ಥವಾಗುವುದೂ ಕಷ್ಟ; ಆದರೆ ಅದು ಕಿವುಡಲ್ಲ, ದಡ್ಡತನವೂ ಅಲ್ಲ. ನಾವು ಮಾತ್ರ ಕಿವಿಯ ಬಳಿ ಕಿರುಚುತ್ತೇವೆ. ನೆಂಟರು ಬಂದರೆ, ‘ಅಜ್ಜ, ಇವರು ಯಾರು ಹೇಳಿ ನೋಡೋಣ’ ಎಂದು ಪಾಠ ಒಪ್ಪಿಸಲು ನಿಲ್ಲಿಸುತ್ತೇವೆ. ಒಂದು ಕಾಲಕ್ಕೆ ಊರಿನ ಜಗಳ ಬಗೆಹರಿಸಿದವರನ್ನು! ಅವರೇ ಮಗ್ಗಿಯನ್ನೋ ಭಜನೆಯನ್ನೋ ಸರಾಗವಾಗಿ ಹೇಳಿಬಿಟ್ಟರೆ, ‘ಬೇಕೂಂತಲೇ ಸುಮ್ಮನಿರ್ತಾರೆ’ ಎಂಬ ಗುಮಾನಿ ಬೇರೆ. ಬಾಯಿಪಾಠ, ಹಾಡು, ಬೈಗುಳ ಹೊರಬರುವ ದಾರಿ ಒಂದು. ಯೋಚಿಸಿ ಹೊಸ ಮಾತು ಕಟ್ಟುವ ದಾರಿ ಇನ್ನೊಂದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದಕ್ಕೆ ಚಿಕಿತ್ಸೆಯಿದೆ, ತಡಮಾಡದೆ ಹೋಗಬೇಕು. ಉಳಿದದ್ದು ಮನೆಯ ಕೆಲಸ. ಟಿವಿ ಆರಿಸಿ ಎದುರು ಕೂರುವುದು. ಕಾಫಿಯೋ ಮಜ್ಜಿಗೆಯೋ ಎಂದು ಎರಡೂ ಲೋಟ ತೋರಿಸಿ ಕೇಳುವುದು. ಬೇಡ ಎನ್ನಲು ಹೋಗಿ ಬಾಯಲ್ಲಿ ‘ಹೂಂ’ ಬಂದಿರಬಹುದು, ಮುಖವನ್ನೂ ನೋಡುವುದು. ಪದಕ್ಕಾಗಿ ತಡಕಾಡುವಾಗ ವಾಕ್ಯವನ್ನು ನಾವೇ ಮುಗಿಸದೆ ತಾಳುವುದು. ಮೊಮ್ಮಗಳ ಮದುವೆ ಮಾತುಕತೆ ನಡೆಯುವಾಗ ಅಜ್ಜನ ಕುರ್ಚಿ ನಡುಮನೆಯಲ್ಲೇ ಇರಲಿ, ಹುಡುಗನ ಫೋಟೋ ಅವರ ಕೈಗೂ ಹೋಗಲಿ. ಒಪ್ಪಿಗೆಯೋ ಇಲ್ಲವೋ, ಅವರೂ ತಿಳಿಸಲಿ.