ಪ್ರಯಾಣದ ನಮಾಝ್: ಅಲ್ಲಾಹನು ಕೊಟ್ಟ ಸದಕಾ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಇಂದು ಚೆಕ್ ಪಡೆದ ಮಕ್ಕಳಲ್ಲಿ ಅನೇಕರು ಊರು ಬಿಟ್ಟು ಹೋಗುವವರು. ಕಾಲೇಜಿಗೆ, ಪ್ರವೇಶ ಪರೀಕ್ಷೆಗೆ, ಕೆಲಸದ ಸಂದರ್ಶನಕ್ಕೆ ಬಸ್ಸು, ರೈಲು ಹತ್ತುವವರು. ನಿಮ್ಮ ಚೀಲದಲ್ಲಿ ಹಣದ ಜೊತೆಗೆ ಇನ್ನೊಂದು ತಿಳುವಳಿಕೆಯನ್ನೂ ಇಟ್ಟು ಕಳಿಸಬೇಕೆಂದು ನಮ್ಮ ಆಸೆ. ಪ್ರಯಾಣದಲ್ಲಿ ನಮಾಝ್ ಹೇಗೆ ಎಂಬ ತಿಳುವಳಿಕೆ ಅದು.

ನಾವು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಎರಡು ಬಗೆಯವರನ್ನು ಕಂಡಿದ್ದೇವೆ. ಬಸ್ಸು ಹತ್ತಿದ ಕೂಡಲೇ, ಮನೆಗೆ ಬಂದ ಮೇಲೆ ಕಝಾ ಮಾಡಿದರಾಯಿತು ಎಂದು ನಮಾಝನ್ನೇ ಬಿಟ್ಟುಬಿಡುವ ಮಕ್ಕಳು ಒಂದು ಬಗೆ. ಅಷ್ಟು ದೂರ ಹೋದರೆ ನಮಾಝ್ ತಪ್ಪುತ್ತದೆ ಎಂದು ಹೆಣ್ಣುಮಕ್ಕಳನ್ನು ಪರೀಕ್ಷೆಗೇ ಕಳಿಸದ ಪೋಷಕರು ಇನ್ನೊಂದು ಬಗೆ. ಒಂದು ಕಡೆ ನಮಾಝ್ ಹೋಯಿತು, ಇನ್ನೊಂದು ಕಡೆ ವಿದ್ಯೆ ಹೋಯಿತು. ಎರಡೂ ಹೋಗಬೇಕಾಗಿರಲಿಲ್ಲ. ದೀನ್ ಇದಕ್ಕೆ ದಾರಿ ಇಟ್ಟಿದೆ.

ಮೊದಲನೆಯದು ಕಸ್ರ್, ಅಂದರೆ ಮೊಟಕುಗೊಳಿಸುವುದು. ಸೂರಃ ಅನ್ನಿಸಾದ 101ನೇ ಆಯತ್ ಪ್ರಯಾಣಿಕರಿಗೆ ಈ ಅನುಮತಿ ನೀಡಿದೆ. ನಾಲ್ಕು ರಕಅತ್‌ಗಳ ಝುಹರ್, ಅಸರ್, ಇಶಾ ಎರಡೆರಡಾಗುತ್ತವೆ. ಫಜ್ರ್‌ನ ಎರಡು, ಮಗ್ರಿಬ್‌ನ ಮೂರು ಹಾಗೆಯೇ ಉಳಿಯುತ್ತವೆ. ದಿನದ 17 ಫರ್ಝ್ ರಕಅತ್‌ಗಳು 11 ಆಗುತ್ತವೆ.

ಆ ಆಯತ್‌ನಲ್ಲಿ ಶತ್ರುಗಳ ಭಯದ ಮಾತಿದೆ. ಈಗ ಭಯವಿಲ್ಲವಲ್ಲ, ಮತ್ತೇಕೆ ಕಸ್ರ್ ಎಂಬ ಪ್ರಶ್ನೆ ಹಝ್ರತ್ ಉಮರ್ (ರ) ಅವರಿಗೂ ಬಂದಿತ್ತು. ಅವರು ಕೇಳಿದಾಗ ಪ್ರವಾದಿ (ಸ) ಅವರು, ಇದು ಅಲ್ಲಾಹನು ನಿಮಗೆ ಕೊಟ್ಟ ಸದಕಾ, ಅದನ್ನು ಸ್ವೀಕರಿಸಿ ಎಂಬ ಅರ್ಥದ ಉತ್ತರ ಕೊಟ್ಟರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸದಕಾ ಎಂಬ ಪದವನ್ನು ಮಕ್ಕಳು ಮನಸ್ಸಿನಲ್ಲಿಡಿ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ಎರಡನೆಯದು ಜಂಅ್, ಅಂದರೆ ಕೂಡಿಸುವುದು. ಝುಹರ್ ಜೊತೆ ಅಸರ್, ಮಗ್ರಿಬ್ ಜೊತೆ ಇಶಾ. ಫಜ್ರ್ ಯಾವುದರೊಂದಿಗೂ ಕೂಡುವುದಿಲ್ಲ. ಅಸರ್, ಮಗ್ರಿಬ್ ಒಂದಕ್ಕೊಂದು ಕೂಡುವುದಿಲ್ಲ. ಹಿಜರಿ 9ರ ತಬೂಕ್ ಪ್ರಯಾಣದಲ್ಲಿ ಪ್ರವಾದಿ (ಸ) ಅವರು ಹೀಗೆ ಕೂಡಿಸಿದ್ದನ್ನು ಹಝ್ರತ್ ಮುಆದ್ (ರ) ತಿಳಿಸಿದ್ದಾರೆ. ಮರುವರ್ಷದ ಹಜ್ಜ್‌ನಲ್ಲಿ ಅರಫಾತ್‌ನಲ್ಲಿ ಝುಹರ್ ಮತ್ತು ಅಸರ್, ಮುಝ್ದಲಿಫಾದಲ್ಲಿ ಮಗ್ರಿಬ್ ಮತ್ತು ಇಶಾ ಕೂಡಿಸಿದರು. ಇಂದಿಗೂ ಹಾಜಿಗಳು ಹಾಗೆಯೇ ಮಾಡುತ್ತಾರೆ.

ಇಲ್ಲಿ ನಮ್ಮ ನಾಡಿನಲ್ಲೇ ಎರಡು ರೂಢಿಗಳಿವೆ. ಕರಾವಳಿಯ ಹೆಚ್ಚಿನವರು ಶಾಫಿಈ ಮಝ್‌ಹಬ್‌ನವರು. ಒಳನಾಡಿನ ಹೆಚ್ಚಿನವರು ಹನಫಿಗಳು. ಶಾಫಿಈಗಳಿಗೆ ಪ್ರಯಾಣದಲ್ಲಿ ಕಸ್ರ್ ಅನುಮತಿ, ಜಂಅ್ ಕೂಡ ಅನುಮತಿ. ಹನಫಿಗಳಿಗೆ ಕಸ್ರ್ ವಾಜಿಬ್, ಆದರೆ ಅರಫಾತ್ ಮತ್ತು ಮುಝ್ದಲಿಫಾ ಬಿಟ್ಟು ಬೇರೆಡೆ ಜಂಅ್ ಇಲ್ಲ. ಅವರು ಝುಹರನ್ನು ಅದರ ಸಮಯದ ಕೊನೆಯಲ್ಲಿ, ಅಸರನ್ನು ಅದರ ಸಮಯದ ಆರಂಭದಲ್ಲಿ ಮಾಡಬಹುದು. ಒಮ್ಮೆ ಬಸ್ಸಿಳಿದರೆ ಎರಡೂ ಆಗುತ್ತವೆ, ಎರಡೂ ತಮ್ಮ ತಮ್ಮ ಸಮಯದಲ್ಲೇ ಆಗುತ್ತವೆ. ಅಲೀಪುರದಂತಹ ಊರುಗಳ ಶಿಯಾ ಬಂಧುಗಳು ಪ್ರಯಾಣವಿಲ್ಲದೆಯೂ ಕೂಡಿಸುತ್ತಾರೆ. ಅದು ಅವರ ಮಝ್‌ಹಬ್.

ಈಗ ಲೆಕ್ಕಕ್ಕೆ ಬರೋಣ. ಭಾರತದ ಹನಫಿ ಉಲಮಾಗಳು ಸಾಮಾನ್ಯವಾಗಿ 48 ಮೈಲಿ, ಅಂದರೆ ಸುಮಾರು 78 ಕಿ.ಮೀ. ದೂರವನ್ನು ಮಿತಿಯೆಂದು ಹೇಳುತ್ತಾರೆ. ಶಾಫಿಈ ಲೆಕ್ಕ 80 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ.; ದಿನವೂ ಓಡಾಡುವವರು ಈ ಲೆಕ್ಕದಲ್ಲಿ ಮುಸಾಫಿರ್ ಅಲ್ಲ. ಮೈಸೂರಿನಿಂದ ಬೆಂಗಳೂರಿಗೆ ಪರೀಕ್ಷೆಗೆ ಬರುವವರು ಮುಸಾಫಿರ್.

ಕಸ್ರ್ ಆರಂಭವಾಗುವುದು ಊರಿನ ಮನೆಗಳನ್ನು ದಾಟಿದ ಮೇಲೆ. ರಾತ್ರಿ ಒಂಬತ್ತರ ಬಸ್ಸಿಗೆ ಹೊರಡುವವರಿಗೆ ಮನೆಯಲ್ಲಿದ್ದಾಗಲೇ ಇಶಾ ಸಮಯವಾಗಿರುತ್ತದೆ. ನಾಲ್ಕು ರಕಅತ್ ಪೂರ್ತಿ ಮಾಡಿ ಹೊರಡಿ. ಫಜ್ರ್‌ಗೆ ರಿಯಾಯಿತಿ ಇಲ್ಲ. ವುಝೂ ಮಾಡಿಕೊಂಡೇ ಬಸ್ಸು ಹತ್ತಿ; ಬೆಳಗಿನ ಜಾವ ಎಲ್ಲಿ ನಿಲ್ಲಿಸುತ್ತೀರಿ ಎಂದು ಡ್ರೈವರ್ ಅಥವಾ ಕಂಡಕ್ಟರ್ ಅಣ್ಣನನ್ನು ಮೊದಲೇ ಕೇಳಿಡಿ.

ಹಾಸ್ಟೆಲ್ ಮಕ್ಕಳು ವಿಶೇಷವಾಗಿ ಕೇಳಿ. ಒಂದೇ ಊರಿನಲ್ಲಿ 15 ದಿನ ಅಥವಾ ಹೆಚ್ಚು ಇರುವ ನಿಯ್ಯತ್ ಮಾಡಿದರೆ ಹನಫಿಗಳಿಗೆ ಪೂರ್ಣ ನಮಾಝ್. ಶಾಫಿಈಗಳಿಗೆ ಬಂದ ದಿನ, ಹೊರಡುವ ದಿನ ಬಿಟ್ಟು 4 ದಿನ. ವರ್ಷವಿಡೀ ಹಾಸ್ಟೆಲ್‌ನಲ್ಲಿದ್ದು ಕಸ್ರ್ ಮಾಡುವುದಕ್ಕೆ ದಾರಿಯಿಲ್ಲ. ಊರಿನ ಇಮಾಮರ ಹಿಂದೆ ನಿಂತರೆ ಮುಸಾಫಿರ್ ಕೂಡ ನಾಲ್ಕೇ ಮಾಡಬೇಕು.

ಪರೀಕ್ಷೆ ನಮ್ಮೂರಲ್ಲೇ ಇದ್ದರೆ? ಮೇ ತಿಂಗಳಲ್ಲಿ ಮಧ್ಯಾಹ್ನ 2ರಿಂದ 5ರವರೆಗೆ ಪರೀಕ್ಷೆ ಎಂದುಕೊಳ್ಳಿ. ಝುಹರ್ ಸಮಯ ಹನ್ನೆರಡೂವರೆ ಹೊತ್ತಿಗೆ ಆಗಿರುತ್ತದೆ. ಒಳಗೆ ಹೋಗುವ ಮೊದಲೇ ಮಾಡಬಹುದು. ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಹೊರಬಂದ ಮೇಲೆ ಅಸರ್‌ಗೆ ಸಮಯವಿರುತ್ತದೆ. ಕೂಡಿಸುವ ಅಗತ್ಯವೇ ಬೀಳುವುದಿಲ್ಲ. ಹಾಲ್ ಟಿಕೆಟ್ ಜೊತೆ ನಮಾಝ್ ವೇಳಾಪಟ್ಟಿಯನ್ನೂ ನೋಡಿದರೆ ಸಾಕು.

ಒಬ್ಬನು ಕೂಡಿಸುತ್ತಾನೆ, ಇನ್ನೊಬ್ಬನು ಕೂಡಿಸುವುದಿಲ್ಲ ಎಂದು ಹಾಸ್ಟೆಲ್‌ನಲ್ಲಿ ಜಗಳ ಬೇಡ. ಖಲೀಫಾ ಉಸ್ಮಾನ್ (ರ) ಮಿನಾದಲ್ಲಿ ನಾಲ್ಕು ರಕಅತ್ ಪೂರ್ತಿ ಮಾಡಿದಾಗ ಇಬ್ನು ಮಸ್‌ಊದ್ (ರ) ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಅವರ ಹಿಂದೆ ನಿಂತು ನಾಲ್ಕೇ ಮಾಡಿದರು. ಒಡಕು ಕೆಟ್ಟದ್ದು ಎಂಬುದು ಅವರು ಕೊಟ್ಟ ಕಾರಣ. ಸಹಾಬಿಗಳ ಈ ದೊಡ್ಡತನ ನಮಗೂ ಇರಲಿ. ನಾವು ಆಲಿಮ್ ಅಲ್ಲ, ಶಾಲೆಯ ಮಾಸ್ತರರು. ಸಂದೇಹ ಬಂದರೆ ನಿಮ್ಮ ಮೊಹಲ್ಲಾದ ಇಮಾಮರನ್ನು ಕೇಳಿ.

ಈಗ ಸದಕಾ ಎಂಬ ಪದಕ್ಕೆ ಬರೋಣ. ಕೆಲವರು ರಿಯಾಯಿತಿ ಪಡೆಯಲು ನಾಚುತ್ತಾರೆ. ಹೆಚ್ಚು ಕಷ್ಟಪಟ್ಟರೆ ಹೆಚ್ಚು ಭಕ್ತಿ ಎಂದುಕೊಳ್ಳುತ್ತಾರೆ. ಕೆಲವರು ಅರ್ಹತೆ ಇಲ್ಲದೆಯೂ ಪಡೆಯುತ್ತಾರೆ. ಕೊಟ್ಟವನು ಅಲ್ಲಾಹನೇ ಆಗಿರುವಾಗ ನಾಚಿಕೆ ಏಕೆ? ಅವನು ಮಿತಿ ಇಟ್ಟಿರುವಾಗ ಮೀರುವುದೇಕೆ? ನಿಮ್ಮ ಕೈಯಲ್ಲಿರುವ ವಿದ್ಯಾರ್ಥಿವೇತನಕ್ಕೂ ಇದೇ ಮಾತು. ತಲೆ ತಗ್ಗಿಸದೆ ಪಡೆಯಿರಿ, ಕೊಟ್ಟ ಉದ್ದೇಶಕ್ಕೇ ಬಳಸಿರಿ, ಅಗತ್ಯ ತೀರಿದ ದಿನ ಮುಂದಿನ ಮಗುವಿಗೆ ಬಿಟ್ಟುಕೊಡಿ. ನೆರೆಮನೆಯಲ್ಲಿ ಅರ್ಹ ಮಕ್ಕಳಿದ್ದರೆ ಅರ್ಜಿಯ ವಿಷಯ ತಿಳಿಸಿ.

ಪೋಷಕರಲ್ಲಿ ನಮ್ಮ ವಿನಂತಿ ಒಂದೇ: ನಮಾಝ್‌ನ ಹೆಸರಿನಲ್ಲಿ ಮಕ್ಕಳ ಪ್ರಯಾಣ ತಡೆಯಬೇಡಿ. ಪ್ರಯಾಣದ ನಮಾಝ್ ಕಲಿಸಿ ಕಳಿಸಿ.

ಅಲ್ಲಾಹನು ನಿಮ್ಮ ಪ್ರಯಾಣವನ್ನೂ ವಿದ್ಯೆಯನ್ನೂ ನಮಾಝನ್ನೂ ಸ್ವೀಕರಿಸಲಿ. ಆಮೀನ್. ವಸ್ಸಲಾಮು ಅಲೈಕುಂ.