ತಿಂಗಳಿಗೆ ಬಾರದ ವೇತನ



ವೇತನ ಅಂದರೇನು ಎಂದು ಯಾರನ್ನಾದರೂ ಕೇಳಿ, ತಿಂಗಳಾದ ಮೇಲೆ ಕೈಗೆ ಬರುವ ದುಡ್ಡು ಅನ್ನುತ್ತಾರೆ. ವಿದ್ಯಾರ್ಥಿವೇತನ ಮಾತ್ರ ಹಾಗಲ್ಲ. ಅದು ವರ್ಷಕ್ಕೊಮ್ಮೆ ಬರುತ್ತದೆ, ಯಾವ ತಿಂಗಳಲ್ಲಿ ಎಂಬುದು ಪಂಚಾಂಗ ನೋಡಿದರೂ ತಿಳಿಯುವುದಿಲ್ಲ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ನೆರವು ಹೆಚ್ಚಿಸಬೇಕು ಎಂಬ ಮಾತು ಬಜೆಟ್ಟಿನ ಹೊತ್ತಿಗೆಲ್ಲ ಏಳುತ್ತದೆ. ಹೆಚ್ಚಿಸಬೇಕು ನಿಜ. ಏನನ್ನು ಎಂಬುದೇ ಇವತ್ತಿನ ಮಾತು.

ನಮ್ಮ ರಾಜ್ಯದಲ್ಲಿ ನಾನೂರಕ್ಕೂ ಮೇಲ್ಪಟ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಂಥದೊಂದರಲ್ಲಿ ನಾನು ಬಹಳ ವರ್ಷ ಪಾಠ ಹೇಳಿದವನು. ಹೊರಗಿನವರು ಮೊದಲು ಕೇಳುವ ಪ್ರಶ್ನೆ, ಫೀಸು ಎಷ್ಟು ಎಂದು. ಬಿ.ಎ., ಬಿ.ಕಾಂ.ಗೆ ಅದು ಕೆಲವು ಸಾವಿರಗಳಲ್ಲಿ ಮುಗಿದುಹೋಗುತ್ತದೆ. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಉಂಟು. ಭಾರವೆಲ್ಲ ಕಾಲೇಜಿನ ಗೇಟಿನ ಆಚೆಗಿದೆ. ರೂಮಿನ ಬಾಡಿಗೆ, ಅಕ್ಕಿ, ಗ್ಯಾಸು, ಬಸ್ಸು, ಮೊಬೈಲ್ ರೀಚಾರ್ಜು. ಯಾವ ಅರ್ಜಿಯಲ್ಲೂ ಬರೆಯಲು ಜಾಗವಿಲ್ಲದ ಇನ್ನೊಂದು ಖರ್ಚಿದೆ: ಹುಡುಗ ಕ್ಲಾಸಿನಲ್ಲಿ ಕೂತ ದಿನ ಮನೆಗೆ ತಪ್ಪುವ ಕೂಲಿ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಹಿಂದಿನ ಬೆಂಚು ಖಾಲಿಯಾಗುವುದು ನಮಗೆ ಹಾಜರಿ ಪುಸ್ತಕ ನೋಡದೆಯೇ ಗೊತ್ತಾಗುತ್ತಿತ್ತು.

ಹಿಂದಿನವರು ಈ ಲೆಕ್ಕವನ್ನು ಸರಿಯಾಗಿ ಹಿಡಿದಿದ್ದರು. ವಾರಾನ್ನ ಎಂಬ ಪದ್ಧತಿ ಹಿರಿಯ ಕೇಳುಗರಿಗೆ ನೆನಪಿರಬಹುದು. ಓದಲೆಂದು ಪೇಟೆಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿದ್ದ. ಆ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆಯುತ್ತಿರಲಿಲ್ಲ, ಅದನ್ನು ಮರೆಮಾಚಬೇಕಾಗಿಲ್ಲ. ಆಮೇಲೆ ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದವು, ಸಿದ್ಧಗಂಗೆಯಂಥ ಮಠಗಳ ದಾಸೋಹ ಬಂತು, ಸಮಾಜ ಕಲ್ಯಾಣದ ಹಾಸ್ಟೆಲು, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲು ಬಂದವು. ಇವೆಲ್ಲ ಮೊದಲು ಕೇಳಿದ್ದು ಊಟ ಆಯಿತೇ ಎಂದು.

ಸರ್ಕಾರದ ದುಡ್ಡಿನ ಕಥೆಯೂ ಹಳೆಯದೇ. ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯನ್ನು ಹಿಗ್ಗಿಸಿತು. ಐದು ವರ್ಷಕ್ಕೆ 59,048 ಕೋಟಿ ರೂಪಾಯಿ, ಅದರಲ್ಲಿ ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಅಂಕಿ ದೊಡ್ಡದು. ಅದೇ ಯೋಜನೆಯಲ್ಲಿ ಸಾದಾ ಬಿ.ಎ. ಓದುವವನಿಗೆ ಶುಲ್ಕದ ಹೊರತಾಗಿ ನಿಗದಿಯಾದ ಭತ್ಯೆಯನ್ನು ನೋಡಿ: ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 6,000, ಮನೆಯಿಂದ ಓಡಾಡಿದರೆ 3,000. ತಿಂಗಳಿಗೆ ಹಂಚಿದರೆ 500 ಮತ್ತು 250. ಕೋಟಿಗಳಲ್ಲಿ ಹೊರಟದ್ದು ಹುಡುಗನ ಜೇಬಿಗೆ ತಲುಪುವ ಹೊತ್ತಿಗೆ ಟೀ ಕಾಸು.

ಊಟ ಮತ್ತು ಬಾಡಿಗೆಯನ್ನು ನೇರವಾಗಿ ನೋಡಿದ್ದು ನಮ್ಮ ರಾಜ್ಯದ ವಿದ್ಯಾಸಿರಿ. 2013ರ ಸುಮಾರಿಗೆ ಬಂದ ಯೋಜನೆ ಇದು. ಹಾಸ್ಟೆಲಿಗೆ ಅರ್ಜಿ ಹಾಕಿಯೂ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಶುರುವಿನಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ದಿನಕ್ಕೆ 50 ರೂಪಾಯಿ ಬಿತ್ತು. ಎರಡು ಹೊತ್ತಿನ ಊಟಕ್ಕೂ ಚಾಪೆ ಹಾಸುವ ಜಾಗಕ್ಕೂ ಅದರಲ್ಲೇ ಆಗಬೇಕಿತ್ತು. ಸಾಲದು, ಆದರೂ ಈ ಎಲ್ಲ ಯೋಜನೆಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಇದೇ. ನೆರವು ಹಿಗ್ಗಿಸುವುದಾದರೆ ಮೊದಲು ಇದನ್ನು ಹಿಗ್ಗಿಸಬೇಕು, ಬೆಲೆ ಏರಿದ ಹಾಗೆ ತಾನಾಗಿ ಏರುವಂತೆ ಮಾಡಬೇಕು.

2021ರಲ್ಲಿ ರೈತ ವಿದ್ಯಾನಿಧಿ ಬಂತು. ರೈತರ ಮಕ್ಕಳಿಗೆ ಪಿಯುಸಿ, ಐಟಿಐ ಮಟ್ಟದಲ್ಲಿ ಹುಡುಗರಿಗೆ 2,500, ಹುಡುಗಿಯರಿಗೆ 3,000. ಪದವಿಗೆ 5,000 ಮತ್ತು 5,500. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಜಾತಿಯನ್ನು ಬಿಟ್ಟು ಮನೆಯ ಕಸುಬನ್ನು ನೋಡಿದ್ದು ಇದರ ಹೊಸತನ. ಆದರೆ ರೈತ ಯಾರು? ರೈತರ ಸರ್ಕಾರಿ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಇದ್ದವನು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದಿದ್ದರೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ ಅಪ್ಪನೂ ಕಾಗದದಲ್ಲಿ ರೈತನಲ್ಲ. ಮುಂದೆ ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು, ಆಟೋ ಚಾಲಕರ ಮಕ್ಕಳಿಗೂ ಇದನ್ನು ಚಾಚಿದರು.

ಇನ್ನು ಆದಾಯದ ಗೆರೆ. ಪರಿಶಿಷ್ಟರ ಕೇಂದ್ರ ಯೋಜನೆಯಲ್ಲಿ ಅದನ್ನು ವರ್ಷಕ್ಕೆ ಎರಡೂವರೆ ಲಕ್ಷ ಎಂದು 2013ರಲ್ಲಿ ಎಳೆದರು; ಹತ್ತು ವರ್ಷ ಕಳೆದರೂ ಗೆರೆ ಅಲ್ಲೇ ಕೂತಿತ್ತು. ತಿಂಗಳಿಗೆ ಇಪ್ಪತ್ತೊಂದು ಸಾವಿರವೂ ಆಗಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಗಾರೆ ಕೆಲಸದ ತಂದೆ, ಇಬ್ಬರ ದುಡಿಮೆ ಸೇರಿದರೆ ದಾಟಿಹೋಗುತ್ತದೆ. ಗೆರೆಯ ಒಳಗಿದ್ದರೆ ಪೂರ್ತಿ, ಒಂದು ರೂಪಾಯಿ ಆಚೆ ಬಿದ್ದರೆ ಸೊನ್ನೆ. ಇಷ್ಟು ಕಡಿದಾದ ಏಣು ಏಕೆ ಬೇಕು? ಮೆಟ್ಟಿಲು ಕಟ್ಟಬಹುದು. ಮೂರು ಲಕ್ಷದವನಿಗೆ ಮುಕ್ಕಾಲು, ನಾಲ್ಕು ಲಕ್ಷದವನಿಗೆ ಅರ್ಧ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಡೆಯುವ ಚೌಕಾಸಿಯೂ ಅಷ್ಟರ ಮಟ್ಟಿಗೆ ತಗ್ಗೀತು.

ಅರ್ಜಿ ಹಾಕುವುದು ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ. ಆಧಾರ್, ಜಾತಿ-ಆದಾಯ ಪತ್ರದ ಆರ್‌ಡಿ ನಂಬರು, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಕಾಲೇಜಿನ ವಿವರ, ಎಲ್ಲವೂ ಒಂದನ್ನೊಂದು ಒಪ್ಪಬೇಕು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಎಂದಾದರೆ ಸೈಬರ್ ಸೆಂಟರಿನ ಮುಂದೆ ಒಂದು ವಾರ ಹೋಯಿತು. ಮಕ್ಕಳು ಹೆಚ್ಚಾಗಿ ಎಡವುವುದು ಬ್ಯಾಂಕಿನಲ್ಲಿ. ದುಡ್ಡು ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ಪಾವತಿ ಸಂಸ್ಥೆ ಎನ್‌ಪಿಸಿಐಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವುದೋ ಮೇಳದಲ್ಲಿ ತೆರೆದು ಮರೆತ ಖಾತೆ ಅದಾಗಿದ್ದರೆ ದುಡ್ಡು ಅಲ್ಲಿ ಹೋಗಿ ಮಲಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ಅರ್ಜಿಗೆ ಮುಂಚೆ ಇದೊಂದನ್ನು ಬ್ಯಾಂಕಿನಲ್ಲಿ ವಿಚಾರಿಸಿ.

ಅರ್ಜಿಯೇ ಇಲ್ಲದ ನೆರವೂ ಒಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅದು ವಿದ್ಯಾರ್ಥಿವೇತನವಲ್ಲ, ಆದರೆ ಹಳ್ಳಿಯಿಂದ ದಿನಾ ಬರುವ ಹುಡುಗಿಗೆ ಅದು ಬೆಳಗಾದರೆ ಸಿಗುತ್ತದೆ. ಬಸ್ಸು ನಿಲ್ಲಿಸಿದರೆ ಎಂಬ ಮಾತು ಬೇರೆ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಶುಕ್ರವಾರ ಸಂಜೆ ಹೋಟೆಲಿನ ಕೆಲಸಕ್ಕೆ ಹೋದರೆ ಸೋಮವಾರ ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಬಾಡಿಗೆ ಕಟ್ಟಲು ಆಗದೆ ಒಮ್ಮೆ ಇಪ್ಪತ್ತು ದಿನ ಊರಲ್ಲೇ ಉಳಿದ. ಹೇಗೋ ಪಾಸಾದ. ಡಿಗ್ರಿ ಮುಗಿದು ಎಂಟು ತಿಂಗಳ ಮೇಲೆ ಒಂದು ಸಂಜೆ ಫೋನು ಮಾಡಿ, ಸಾರ್, ಸ್ಕಾಲರ್‌ಶಿಪ್ ಬಿದ್ದಿದೆ, ಇದು ಎರಡನೇ ವರ್ಷದ್ದೋ ಮೂರನೇ ವರ್ಷದ್ದೋ ಗೊತ್ತಾಗುತ್ತಿಲ್ಲ ಎಂದ. ನನಗೂ ಹೇಳಲಾಗಲಿಲ್ಲ. ಏನು ಮಾಡುತ್ತೀಯಪ್ಪ ಎಂದು ಕೇಳಿದೆ. ತಂಗಿಯ ಪಿಯುಸಿ ಮುಗಿದಿತ್ತಂತೆ. ಅವಳಿಗೆ ಪೇಟೆಯಲ್ಲಿ ರೂಮು ನೋಡಿದ್ದೇನೆ ಸಾರ್, ಅಡ್ವಾನ್ಸಿಗೆ ಆಯಿತು ಎಂದ.